ಡಬ್ಬಿಯಲ್ಲಿದ್ದ ಸಾಮಾನಲ್ಲೇ ರೋಬೋಟ್‌ನ ಚೈನ್ ಬಿಗಿ ಮಾಡಿದ್ದು

ಸ್ಪರ್ಧೆ ಹತ್ತಿರ ಬಂದಾಗ ನಮ್ಮ ತಂಡದ ರೋಬೋಟ್‌ನ ಚೈನ್ ಹಲ್ಲು ಹಾರಲು, ಅಂದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಜಾರಲು ಶುರು ಮಾಡಿತು. ಮುಂದಕ್ಕೆ ಓಡುವಾಗ ಏನೂ ತೊಂದರೆ ಇಲ್ಲ. ಪೂರ್ತಿ ವೇಗದಲ್ಲಿ ಹೋಗುತ್ತಾ ತಟ್ಟನೆ ಹಿಂದಕ್ಕೆ ಕೊಟ್ಟರೆ ಮಾತ್ರ ಬಲಗಡೆಯಿಂದ ಟಕಟಕ ಅಂತ ಸದ್ದು, ಆಮೇಲೆ ಇಡೀ ರೋಬೋಟ್ ಒಂದು ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಚೈನನ್ನು ಒತ್ತಿ ಬಿಗಿಯಾಗಿಡುವ ಟೆನ್ಷನರ್ ತರಿಸಿಕೊಳ್ಳುವಷ್ಟು ಸಮಯ ಇರಲಿಲ್ಲ. ಇದ್ದಿದ್ದು ಹಳೆಯ ರೋಬೋಟ್‌ಗಳಿಂದ ಬಿಚ್ಚಿಟ್ಟ ಸಾಮಾನಿನ ಡಬ್ಬಿಗಳು, ಒಂದು ಡ್ರಿಲ್, ಒಂದು ವೈಸ್, ಒಂದೆರಡು ಅರ. ಅಷ್ಟರಲ್ಲೇ ಎಲ್ಲ ಚೈನ್‌ಗಳನ್ನೂ ಸರಿ ಮಾಡಿಕೊಂಡೆವು. ಚೈನ್ ಹಾಕಿದ ತಂಡಗಳಿಗೆಲ್ಲ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರೋಬೋಟ್ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಪ್ರತಿ ಬದಿಗೆ ಮೂರು ಚಕ್ರ. ಗೇರ್‌ಬಾಕ್ಸ್ ನಡುವಿನ ಚಕ್ರಕ್ಕೆ ನೇರವಾಗಿ ಜೋಡಿಸಿದೆ. ಅಲ್ಲಿಂದ ಒಂದು ಚೈನ್ ಮುಂದಿನ ಚಕ್ರಕ್ಕೆ, ಇನ್ನೊಂದು ಹಿಂದಿನ ಚಕ್ರಕ್ಕೆ. ಎಲ್ಲವೂ 25 ನಂಬರ್ ಚೈನ್, 16 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ). ಮೇಲೆ ಸಾಮಾನು ಎತ್ತುವ ಒಂದು ಕೈ ಇದೆ, ಅದಕ್ಕೆ ಇನ್ನೂ ದಪ್ಪನೆಯ 35 ನಂಬರ್ ಚೈನ್.

ಸಡಿಲ ಅಂತ ಕಂಡ ಕೂಡಲೇ ಟೆನ್ಷನರ್ ಹಾಕಲು ಕೈ ಹಾಕಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಲ್ಲು ಹಾರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಎರಡು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಚೈನ್ ಎಷ್ಟು ಬಿಗಿಯಾಗಿದ್ದರೂ ಹಲ್ಲಿನ ಮೇಲೆ ಹತ್ತಿಕೊಳ್ಳುತ್ತದೆ. ಶಾಫ್ಟ್ (ಚಕ್ರದ ಅಚ್ಚು) ಮೇಲೆ ಸ್ಪ್ರಾಕೆಟನ್ನು ಹಿಡಿದಿಡುವ ಉಂಗುರ, ಅಂದರೆ ಕಾಲರ್, ಸಡಿಲವಾಗಿ ಸ್ಪ್ರಾಕೆಟ್ ಪಕ್ಕಕ್ಕೆ ಸರಿದಿರಬಹುದು. ಯಾವುದೋ ಒಂದು ಲಿಂಕ್ ಮಡಚದೆ ಗಟ್ಟಿಯಾಗಿರಬಹುದು. ನಾವು ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಎರಡೂ ಸ್ಪ್ರಾಕೆಟ್‌ಗಳ ಮುಖಕ್ಕೆ ಒತ್ತಿ ಹಿಡಿದು ನೋಡಿದೆವು, ಬೆಳಕು ತೂರುವಷ್ಟೂ ಸಂದಿ ಇರಲಿಲ್ಲ. ಚೈನನ್ನು ಬೆರಳಲ್ಲಿ ಒಂದೊಂದೇ ಲಿಂಕ್ ಮಡಚುತ್ತಾ ಪೂರ್ತಿ ಸುತ್ತು ಬಂದೆವು. ಎಲ್ಲ ಸರಿ ಇತ್ತು. ಚೈನ್ ನಿಜವಾಗಲೂ ಉದ್ದ ಆಗಿತ್ತು, ಅಷ್ಟೇ.

ಉದ್ದ ಅಂದರೆ ಎಷ್ಟು? ಇಲ್ಲಿ ಲೆಕ್ಕ ಹಾಕುವುದು ತುಂಬಾ ಉಪಯೋಗಕ್ಕೆ ಬಂತು. 25 ನಂಬರ್ ಚೈನ್‌ನಲ್ಲಿ ಒಂದು ಪಿನ್‌ನಿಂದ ಇನ್ನೊಂದು ಪಿನ್‌ಗೆ 6.35 ಮಿಮೀ. ಎರಡೂ ಸ್ಪ್ರಾಕೆಟ್ ಒಂದೇ ಅಳತೆಯವಾದರೆ ಲೆಕ್ಕ ಸುಲಭ: ಒಟ್ಟು ಲಿಂಕ್‌ಗಳಿಂದ ಹಲ್ಲಿನ ಸಂಖ್ಯೆ ಕಳೆದು, ಅರ್ಧ ಮಾಡಿ, 6.35ರಿಂದ ಗುಣಿಸಿದರೆ ಎರಡು ಶಾಫ್ಟ್‌ಗಳ ನಡುವೆ ಇರಬೇಕಾದ ದೂರ ಸಿಗುತ್ತದೆ. ನಮ್ಮದು 110 ಲಿಂಕ್, 16 ಹಲ್ಲು. ಅಂದರೆ 298.45 ಮಿಮೀ. ಫ್ರೇಮಿನಲ್ಲಿ ಅಳೆದಾಗ ಸುಮಾರು 298 ಇತ್ತು. ಅರ್ಧ ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸ, ಕೈಯಲ್ಲಿ ಡ್ರಿಲ್ ಹಿಡಿದು ಹಾಕಿದ ತೂತಿಗೆ ಇದು ಚೆನ್ನಾಗಿಯೇ ಇದೆ. ಆದರೆ ಚೈನ್ ಮೇಲೊಂದು ಕೆಳಗೊಂದು ಎರಡು ಸಾಲು ಓಡುವುದರಿಂದ ಈ ವ್ಯತ್ಯಾಸ ಇಮ್ಮಡಿಯಾಗಿ 0.9 ಮಿಮೀ ಹೆಚ್ಚುವರಿ ಚೈನ್ ಆಗುತ್ತದೆ. ಆ 0.9 ಮಿಮೀ ಎಲ್ಲವೂ ಒಂದೇ ಸಾಲಿಗೆ ಬಂದರೆ, ಆ ಸಾಲಿನ ನಡುವನ್ನು ಬೆರಳಲ್ಲಿ ಒತ್ತಿದಾಗ ಹತ್ತಿರ ಹತ್ತಿರ 12 ಮಿಮೀ ಒಳಗೆ ಹೋಗುತ್ತದೆ! ಇದನ್ನು ನೋಡಿದಾಗ ನಮ್ಮ ಜೂನಿಯರ್ ಹುಡುಗ, "ಅಣ್ಣ, ಇಷ್ಟು ಜೋಲು ಬಿದ್ದಿದೆ, ಎರಡು ಲಿಂಕ್ ತೆಗೆದುಬಿಡೋಣ" ಅಂದ. ನೋಡಿದರೆ ಹಾಗೇ ಅನಿಸುತ್ತದೆ, ಅಲ್ವಾ? ಎರಡು ಲಿಂಕ್ ತೆಗೆದರೆ ಹೋಗುವುದು 12.7 ಮಿಮೀ. ನಮಗೆ ಜಾಸ್ತಿ ಇದ್ದದ್ದು ಒಂದು ಮಿಲಿಮೀಟರ್ ಕೂಡ ಇಲ್ಲ. ಚೈನ್ ಸ್ಪ್ರಾಕೆಟ್‌ಗೆ ಏರುವುದೇ ಇಲ್ಲ.

ಚೈನ್‌ನಲ್ಲಿ ಅಗಲದ ಹೊರ ಲಿಂಕ್, ಕಿರಿದಾದ ಒಳ ಲಿಂಕ್ ಒಂದಾದ ಮೇಲೊಂದು ಬರುವುದರಿಂದ ಎರಡೆರಡಾಗಿಯೇ ತೆಗೆಯಬೇಕು. ಒಂದೇ ಲಿಂಕ್ ಕಡಿಮೆ ಮಾಡಲು ಅರ್ಧ ಲಿಂಕ್ ಅಂತ ಬರುತ್ತದೆ, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿ ಬಾಗಿರುವಂಥದ್ದು. ಅದು ಚೈನ್‌ನ ಉಳಿದ ಲಿಂಕ್‌ಗಳಿಗಿಂತ ಬಲ ಕಡಿಮೆ, ಡಿಕ್ಕಿ ಹೊಡೆಯುವುದೇ ಆಟವಾಗಿರುವ ರೋಬೋಟ್‌ಗೆ ನಾನಂತೂ ಹಾಕುವುದಿಲ್ಲ. ಅದೂ 6.35 ಮಿಮೀ ತೆಗೆಯುತ್ತದೆ, ನಮ್ಮ ಅಳತೆಗೆ ಅದೂ ಹೊಂದುವುದಿಲ್ಲ.

ಇನ್ನೊಂದು ವಿಷಯ. ಹೊಸ ಚೈನ್ ಮೊದಮೊದಲು ಬೇಗ ಉದ್ದವಾಗುತ್ತದೆ. ಲೋಹ ರಬ್ಬರ್ ಥರ ಹಿಗ್ಗಿಬಿಡುತ್ತದೆ ಅಂತಲ್ಲ, ಪ್ರತಿ ಪಿನ್ನೂ ತನ್ನ ಬುಷ್‌ನಲ್ಲಿ (ಪಿನ್ ಸುತ್ತಲಿನ ಪುಟ್ಟ ಕೊಳವೆ) ಸವೆದು ಕೂರುತ್ತದೆ, 110 ಕಡೆ ಆಗುವ ಕೂದಲೆಳೆಯಷ್ಟು ಸವೆತ ಒಟ್ಟು ಸೇರುತ್ತದೆ. ನಮ್ಮ ಚೈನ್‌ನ ಪೂರ್ತಿ ಸುತ್ತು ಸುಮಾರು 700 ಮಿಮೀ, ಅದರಲ್ಲಿ ಶೇಕಡಾ ಅರ್ಧ ಸವೆದರೂ 3.5 ಮಿಮೀ ಆಯಿತು. ಅಂದರೆ ಈಗ ಸರಿ ಮಾಡಿದರೆ ಸಾಲದು, ಮುಂದೆಯೂ ಬಿಗಿ ಮಾಡುತ್ತಾ ಹೋಗುವಂತೆ ಇರಬೇಕು. 25 ಮತ್ತು 35 ಎರಡೂ ರೋಲರ್ ಇಲ್ಲದ ಚೈನ್‌ಗಳು. 1880ರಲ್ಲಿ ಹಾನ್ಸ್ ರೆನಾಲ್ಡ್ ತಂದ ಬುಷ್ ರೋಲರ್ ಚೈನ್‌ನಲ್ಲಿ ಬುಷ್ ಮೇಲೆ ತಿರುಗುವ ಒಂದು ರೋಲರ್ ಇರುತ್ತದೆ, ಈ ಚಿಕ್ಕ ಚೈನ್‌ಗಳಲ್ಲಿ ಅದಕ್ಕೆ ಜಾಗ ಇಲ್ಲ, ಬುಷ್ಷೇ ನೇರವಾಗಿ ಹಲ್ಲಿಗೆ ಉಜ್ಜುತ್ತದೆ. ಎಣ್ಣೆ ಕಾಣದಿದ್ದರೆ ಬೇಗ ಸವೆಯುತ್ತದೆ.

ತಂಡದಲ್ಲಿ ಮೊದಲು ಬಂದ ಸಲಹೆ ಸ್ಪ್ರಿಂಗ್ ಹಾಕೋಣ ಅನ್ನುವುದು. ಗೇರ್ ಇರುವ ಸೈಕಲ್‌ನ ಹಿಂಬದಿಯಲ್ಲಿ ಸ್ಪ್ರಿಂಗ್ ಇರುವ ಒಂದು ತೋಳು ಚೈನನ್ನು ಸದಾ ಎಳೆದುಕೊಂಡಿರುತ್ತದೆ, ಎಲ್ಲರೂ ನೋಡಿರುತ್ತೀರಿ. ಅಲ್ಲಿ ಅದು ಕೆಲಸ ಮಾಡುವುದು ಸವಾರ ಒಂದೇ ದಿಕ್ಕಿಗೆ ತುಳಿಯುತ್ತಾನೆ ಅಂತ. ಮೇಲಿನ ಸಾಲು ಯಾವಾಗಲೂ ಬಿಗಿ, ಕೆಳಗಿನದು ಯಾವಾಗಲೂ ಸಡಿಲ. ರೋಬೋಟ್ ಹಾಗಲ್ಲ. ನಮ್ಮದು ಮುಂದಕ್ಕೆ ಹೋಗುವಾಗ ಮುಂದಿನ ಚೈನ್‌ನ ಕೆಳಗಿನ ಸಾಲು ಬಿಗಿಯಾಗುತ್ತದೆ, ಹಿಂದಿನ ಚೈನ್‌ನ ಮೇಲಿನ ಸಾಲು ಬಿಗಿಯಾಗುತ್ತದೆ. ಹಿಂದಕ್ಕೆ ಕೊಟ್ಟ ಕೂಡಲೇ ಎಲ್ಲ ಅದಲು ಬದಲು. ಸ್ಪ್ರಿಂಗ್ ಇದ್ದ ಸಾಲು ಬಿಗಿಯಾದಾಗ ಸ್ಪ್ರಿಂಗನ್ನು ತಳ್ಳಿ ನೆಟ್ಟಗಾಗುತ್ತದೆ, ಸಡಿಲವೆಲ್ಲ ಆ ಕಡೆಯ ಸಾಲಿಗೆ ಹೋಗುತ್ತದೆ, ಅಲ್ಲಿ ಹಲ್ಲು ಹಾರುತ್ತದೆ. ನಮ್ಮ ಸಮಸ್ಯೆ ಇದ್ದದ್ದೇ ಆ ದಿಕ್ಕು ಬದಲಾಗುವ ಗಳಿಗೆಯಲ್ಲಿ. ಹಾಗಾಗಿ ಅಲುಗಾಡದೆ ನಿಲ್ಲುವ ಟೆನ್ಷನರೇ ಬೇಕು ಅಂತ ತೀರ್ಮಾನ ಆಯಿತು.

ಡಬ್ಬಿಯಲ್ಲಿ 608 ಬೇರಿಂಗ್‌ಗಳು ಬೇಕಾದಷ್ಟು ಇದ್ದವು. ಸ್ಕೇಟಿಂಗ್ ಚಕ್ರಗಳಲ್ಲಿ ಬರುವುದು ಇದೇ: ಒಳಗೆ 8, ಹೊರಗೆ 22, ಅಗಲ 7 ಮಿಮೀ. 25 ನಂಬರ್ ಚೈನ್‌ನ ಪ್ಲೇಟುಗಳು ಈ 7 ಮಿಮೀ ಅಗಲದ ಮೇಲೆ ಸರಿಯಾಗಿ ಕೂರುತ್ತವೆ. ಆದರೆ ಬರೀ ಬೇರಿಂಗ್ ಇಟ್ಟರೆ ಚೈನ್ ಪಕ್ಕಕ್ಕೆ ಜಾರಿ ಬೀಳುತ್ತದೆ, ಎರಡೂ ಕಡೆ ಗೋಡೆ ಬೇಕು. 30 ಮಿಮೀ ಅಗಲದ ದೊಡ್ಡ ವಾಷರ್‌ಗಳನ್ನು ಗೋಡೆಯಾಗಿ ಇಟ್ಟೆವು. ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡ ವಾಷರನ್ನು ಬೇರಿಂಗ್‌ಗೆ ಹಾಗೇ ಒತ್ತಿ ನಟ್ ಬಿಗಿದರೆ ಅದು ಬೇರಿಂಗ್‌ನ ಹೊರ ಉಂಗುರಕ್ಕೂ ಒತ್ತಿಕೊಂಡು ಬೇರಿಂಗ್ ತಿರುಗುವುದೇ ನಿಲ್ಲುತ್ತದೆ. ಅದಕ್ಕೆ ನಡುವೆ ಒಂದೊಂದು ಪುಟ್ಟ ವಾಷರ್, ಒಳ ಉಂಗುರವನ್ನು ಮಾತ್ರ ಮುಟ್ಟುವಷ್ಟು ಸಣ್ಣದು. ಬೋಲ್ಟಿನ ತಲೆ, ದೊಡ್ಡ ವಾಷರ್, ಪುಟ್ಟ ವಾಷರ್, ಬೇರಿಂಗ್, ಪುಟ್ಟ ವಾಷರ್, ದೊಡ್ಡ ವಾಷರ್, ಆಮೇಲೆ ಫ್ರೇಮ್ ತನಕ ಸ್ಪೇಸರ್, ಅಂದರೆ ನಡುವಿನ ಅಂತರ ಕಾಯುವ ಕೊಳವೆ. ಸರಿಯಾಗಿ ಜೋಡಿಸಿದ್ದರೆ ನಟ್ ಎಷ್ಟೇ ಬಿಗಿದರೂ ಬೆರಳಲ್ಲಿ ಮೀಟಿದಾಗ ಬೇರಿಂಗ್ ಗಿರ್ರನೆ ತಿರುಗಬೇಕು. ಪ್ರತಿಯೊಂದನ್ನೂ ಹಾಗೆ ಮೀಟಿ ನೋಡಿಯೇ ಹಾಕಿದೆವು.

ಈ ಬೇರಿಂಗ್ ಚೈನನ್ನು ಒಳಗಿನಿಂದ ಹೊರಕ್ಕೆ ತಳ್ಳಬೇಕೋ, ಹೊರಗಿನಿಂದ ಒಳಕ್ಕೋ? ಹೊರಗಿನಿಂದ ಒಳಕ್ಕೆ ಒತ್ತುವುದೇ ಒಳ್ಳೆಯದು. ಹಾಗೆ ಒತ್ತಿದಾಗ ಎರಡೂ ಸ್ಪ್ರಾಕೆಟ್‌ಗಳನ್ನು ಚೈನ್ ಇನ್ನಷ್ಟು ತಬ್ಬಿಕೊಳ್ಳುತ್ತದೆ, ಹೆಚ್ಚು ಹಲ್ಲುಗಳು ಹಿಡಿದುಕೊಳ್ಳುತ್ತವೆ. ಒಳಗಿನಿಂದ ತಳ್ಳಿದರೆ ತಬ್ಬುವುದು ಕಡಿಮೆಯಾಗುತ್ತದೆ. 16 ಹಲ್ಲಿನ ಚಿಕ್ಕ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಹೆಚ್ಚು ಸಿಕ್ಕರೂ ಲಾಭವೇ.

ಫ್ರೇಮಿನ ಬಾಕ್ಸ್ ಪೈಪಿನಲ್ಲಿ ಬೋಲ್ಟ್ ಮೇಲೆ ಕೆಳಗೆ ಸರಿಯಲು ಉದ್ದನೆಯ ಚಡಿ ಬೇಕಿತ್ತು. ಸಾಲಾಗಿ 8 ಮಿಮೀ ತೂತು ಹಾಕಿ, ನಡುವಿನ ಗೋಡೆಗಳನ್ನು ಅರದಲ್ಲಿ ಉಜ್ಜಿ ತೆಗೆದೆವು. ಬೋಲ್ಟ್ ಬಿಗಿದಾಗ ಪೈಪಿನ ತೆಳು ಗೋಡೆ ಒಳಕ್ಕೆ ಬಾಗದಿರಲಿ ಅಂತ ಪೈಪಿನೊಳಗೆ ಒಂದು ಸ್ಪೇಸರ್ ಕೂರಿಸಿದೆವು. ಇದನ್ನು ಬಿಟ್ಟರೆ ಎಷ್ಟು ಬಿಗಿದರೂ ಬೋಲ್ಟ್ ಹಿಡಿದುಕೊಳ್ಳುವುದಿಲ್ಲ, ಪೈಪ್ ಮಾತ್ರ ಚಪ್ಪಟೆಯಾಗುತ್ತಾ ಹೋಗುತ್ತದೆ. ಬೋಲ್ಟ್ ಮೇಲೆ ಬೀಳುವ ಭಾರ ಅಂದುಕೊಂಡಷ್ಟು ದೊಡ್ಡದಲ್ಲ. ನಮ್ಮ ಅಳತೆಯಲ್ಲಿ 12 ಮಿಮೀ ಒತ್ತಿದಾಗ ಚೈನ್‌ನ ಎಳೆತದ ಆರನೇ ಒಂದು ಭಾಗದಷ್ಟು ಮಾತ್ರ ಬೇರಿಂಗ್‌ಗೆ ಬರುತ್ತದೆ. ಆದರೆ ಅದು ಬರುವುದು ಏಟಿನ ಥರ, ದಿಕ್ಕು ಬದಲಾದಾಗಲೆಲ್ಲ. ಓಡಿಸಿ ನೋಡಿದಾಗ ಬೋಲ್ಟ್ ಚಡಿಯಲ್ಲಿ ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಬರೀ ಬಿಗಿತವನ್ನು ನಂಬುವ ಬದಲು ಬೋಲ್ಟಿನ ಬೆನ್ನಿಗೆ ಒಂದು ಎಲ್ ಆಕಾರದ ತುಂಡು ಹಾಕಿ, ಅದರಲ್ಲಿ ಒಂದು ಉದ್ದ ಸ್ಕ್ರೂ ಕೂರಿಸಿ, ಸ್ಕ್ರೂವಿನ ತುದಿ ಬೋಲ್ಟನ್ನೇ ಒತ್ತುವಂತೆ ಮಾಡಿದೆವು. ಇದರಿಂದ ಎರಡು ಲಾಭ ಆಯಿತು. ಬೋಲ್ಟ್ ಹಿಂದೆ ಸರಿಯುವುದು ನಿಂತಿತು. ಹಾಗೇ ಬಿಗಿ ಮಾಡುವುದೂ ಸುಲಭವಾಯಿತು, ನಟ್ ಸ್ವಲ್ಪ ಸಡಿಲಿಸಿ, ಸ್ಕ್ರೂ ಒಂದು ಸುತ್ತು ತಿರುಗಿಸಿ, ಮತ್ತೆ ನಟ್ ಬಿಗಿದರೆ ಮುಗಿಯಿತು. ಈ ಸ್ಕ್ರೂ ನಮ್ಮ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ.

ಎಡಗಡೆಯ ಹಿಂದಿನ ಚೈನ್‌ಗೆ ಇದು ಆಗಲಿಲ್ಲ, ಬ್ಯಾಟರಿ ಇಡುವ ತಟ್ಟೆ ಅಡ್ಡ ಬರುತ್ತಿತ್ತು, ಚಡಿ ಕೊರೆಯಲು ಜಾಗವೇ ಇಲ್ಲ. ಅಲ್ಲಿ ತೇಲುವ ಸ್ಪ್ರಾಕೆಟ್ ಹಾಕಿದೆವು. ಇದು ಕೇಳಲು ವಿಚಿತ್ರ ಅನಿಸುತ್ತದೆ, ನೋಡಿದರೆ ಇನ್ನೂ ವಿಚಿತ್ರ. ಚೈನ್‌ನ ಮೇಲಿನ ಸಾಲು ಮತ್ತು ಕೆಳಗಿನ ಸಾಲಿನ ನಡುವೆ ಒಂದು ದೊಡ್ಡ ಸ್ಪ್ರಾಕೆಟನ್ನು ತೂರಿಸಿಬಿಡುವುದು. ಶಾಫ್ಟ್ ಇಲ್ಲ, ಬೇರಿಂಗ್ ಇಲ್ಲ, ಯಾವುದಕ್ಕೂ ಕಟ್ಟಿಲ್ಲ. ಮೇಲಿನ ಸಾಲು ಒಂದು ಕಡೆಗೆ ಓಡುತ್ತದೆ, ಕೆಳಗಿನದು ಅದೇ ವೇಗದಲ್ಲಿ ಇನ್ನೊಂದು ಕಡೆಗೆ, ಹಾಗಾಗಿ ನಡುವಿನ ಸ್ಪ್ರಾಕೆಟ್ ಇದ್ದ ಜಾಗದಲ್ಲೇ ತಿರುಗುತ್ತಾ ಇರುತ್ತದೆ, ಎತ್ತಲೂ ಹೋಗುವುದಿಲ್ಲ. ಯಾವ ಸಾಲು ಬಿಗಿಯಾದರೂ ಅದು ಸ್ಪ್ರಾಕೆಟನ್ನು ಸಡಿಲ ಸಾಲಿನ ಕಡೆಗೆ ತಳ್ಳುತ್ತದೆ, ಅಂದರೆ ಎರಡೂ ದಿಕ್ಕಿಗೆ ತಾನಾಗೇ ಹೊಂದಿಕೊಳ್ಳುತ್ತದೆ.

ಎಷ್ಟು ಹಲ್ಲಿನದು ಹಾಕಬೇಕು ಅನ್ನುವುದೇ ಇಲ್ಲಿ ಎಲ್ಲ. 16 ಹಲ್ಲಿನ ಸ್ಪ್ರಾಕೆಟ್‌ನ ವ್ಯಾಸ, ಪಿನ್‌ಗಳ ಗೆರೆಯಲ್ಲಿ ಅಳೆದರೆ, ಸುಮಾರು 32.5 ಮಿಮೀ. 24 ಹಲ್ಲಿನದು 48.6. ನಡುವೆ ತೂರಿಸಿದಾಗ ಪ್ರತಿ ಸಾಲನ್ನೂ 8 ಮಿಮೀ ಹೊರಕ್ಕೆ ತಳ್ಳುತ್ತದೆ, ಎರಡೂ ಸೇರಿ 0.87 ಮಿಮೀ ಚೈನ್ ನುಂಗುತ್ತದೆ. ನಮಗೆ ಬೇಕಾಗಿದ್ದು 0.9! ಹಳೆಯ ರೋಬೋಟ್‌ನ ಡಬ್ಬಿಯಲ್ಲಿ 24 ಹಲ್ಲಿನದು ಸಿಕ್ಕಾಗ ಆದ ಖುಷಿ ಹೇಳತೀರದು. ಒಳಗಿನಿಂದ ತಳ್ಳುವುದರಿಂದ ತಬ್ಬುವುದು ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಆ ಜಾಗದಲ್ಲಿ ಬೇರೆ ದಾರಿ ಇರಲಿಲ್ಲ. ಜೋರಾಗಿ ಡಿಕ್ಕಿ ಹೊಡೆದಾಗ ಹೊರಗೆ ಹಾರಿ ಬಿದ್ದರೆ ಅಂತ ಭಯ ಇತ್ತು. ಸ್ಪ್ರಾಕೆಟ್‌ನ ನಡುವಿನ ತೂತು 12.7 ಮಿಮೀ, ಅದರೊಳಗೆ ಫ್ರೇಮಿನಿಂದ ಒಂದು 6 ಮಿಮೀ ಬೋಲ್ಟ್ ಹಾಯಿಸಿದೆವು. ಸಾಮಾನ್ಯವಾಗಿ ಓಡುವಾಗ ಬೋಲ್ಟ್ ಅದನ್ನು ಮುಟ್ಟುವುದಿಲ್ಲ, ಹೊರಗೆ ಹಾರದಂತೆ ಸುಮ್ನೆ ಕಾವಲಿಗೆ ಇರುತ್ತದೆ.

ರೋಬೋಟ್‌ನ ಸಾಮಾನು ಎತ್ತುವ ಕೈಯ ಚೈನ್ ಬೇರೆಯೇ ಕಥೆ. ಕೈಯಲ್ಲಿ ಸಡಿಲ ಇದ್ದರೆ ಹಲ್ಲು ಹಾರುವ ಮುಂಚೆಯೇ ತೊಂದರೆ ಶುರು. ಕೈಯ ಸ್ಪ್ರಾಕೆಟ್ 60 ಹಲ್ಲಿನದು, ಕೇಂದ್ರದಿಂದ ಚೈನ್‌ಗೆ ಸುಮಾರು 91 ಮಿಮೀ. ಸುತ್ತಿನಲ್ಲಿ 3 ಮಿಮೀ ಸಡಿಲ ಇದ್ದರೆ ಒಂದು ಮೀಟರ್ ಉದ್ದದ ಕೈಯ ತುದಿ 33 ಮಿಮೀ ಅತ್ತಿತ್ತ ಆಡುತ್ತದೆ. ಮೋಟರ್ ಎಷ್ಟೇ ಕರಾರುವಾಕ್ಕಾಗಿ ನಿಂತರೂ ಕೈ ನಿಲ್ಲುವುದಿಲ್ಲ. ಪ್ರೋಗ್ರಾಮ್ ಬರೆಯುವವರು ಅಂಕಿಗಳನ್ನು ಬದಲಿಸಿ ಬದಲಿಸಿ ಸುಸ್ತಾಗಿದ್ದರು, ಪಾಪ. ತೊಂದರೆ ಇದ್ದದ್ದು ಚೈನ್‌ನಲ್ಲಿ.

ಆದರೆ ಕೈಗೆ ಒಂದು ಅನುಕೂಲ ಇದೆ, ಅದು ಪೂರ್ತಿ ಸುತ್ತು ತಿರುಗುವುದಿಲ್ಲ. ಚೈನ್‌ನ ಒಂದು ಭಾಗ ಯಾವತ್ತೂ ಸ್ಪ್ರಾಕೆಟ್ ಮೇಲೆ ಬರುವುದೇ ಇಲ್ಲ. ಆ ಭಾಗದಲ್ಲಿ ಚೈನ್ ಕತ್ತರಿಸಿ ನಡುವೆ ಬೋಲ್ಟ್ ಹಾಕಬಹುದು. ನಮ್ಮ ಹತ್ತಿರ ಒಳಗೆ 8 ಮಿಮೀ ಅಗಲ ಇರುವ ಯು ಚಾನೆಲ್ ತುಂಡು ಇತ್ತು. ಅದರಿಂದ ಎರಡು ಪುಟ್ಟ ಯು ಮಾಡಿಕೊಂಡೆವು. 35 ನಂಬರ್ ಚೈನ್‌ನ ಒಳ ಲಿಂಕ್ ಆ 8 ಮಿಮೀ ಒಳಗೆ ಕೂರುತ್ತದೆ, ಅಡ್ಡಕ್ಕೆ ಒಂದು 3 ಮಿಮೀ ಉಕ್ಕಿನ ಬೋಲ್ಟ್. ಎರಡೂ ಯುಗಳ ಬೆನ್ನುಗಳನ್ನು ಒಂದು 4 ಮಿಮೀ ಬೋಲ್ಟ್ ಜೋಡಿಸುತ್ತದೆ, ತಲೆ ಒಂದು ಯು ಒಳಗೆ, ನಟ್ ಇನ್ನೊಂದರ ಒಳಗೆ. ಬೋಲ್ಟಿನ ಆರು ಮೂಲೆ ತಲೆಯೂ ನಟ್ಟೂ 7 ಮಿಮೀ ಅಗಲ, ಮೂಲೆಯಿಂದ ಮೂಲೆಗೆ ಅದಕ್ಕಿಂತ ಜಾಸ್ತಿ, ಹಾಗಾಗಿ ಯು ಒಳಗೆ ಎರಡೂ ತಿರುಗುವುದಿಲ್ಲ. ಬಿಗಿ ಮಾಡಬೇಕಾದರೆ ಅಡ್ಡ ಬೋಲ್ಟ್ ತೆಗೆದು ಒಂದು ಯುವನ್ನೇ ಅರ್ಧ ಸುತ್ತು ತಿರುಗಿಸಬೇಕು, ಆಗ 0.35 ಮಿಮೀ ಕಡಿಮೆಯಾಗುತ್ತದೆ. ಮತ್ತೆ ಅಡ್ಡ ಬೋಲ್ಟ್ ಹಾಕಿದ ಮೇಲೆ ಎಷ್ಟು ಅದುರಿದರೂ ಸಡಿಲವಾಗಲು ದಾರಿಯೇ ಇಲ್ಲ. ಹಾಕುವಾಗ ಎರಡು ತುದಿಗಳನ್ನು ಹತ್ತಿರ ಹಿಡಿದಿಡಲು ಜಿಪ್ ಟೈ ಎಳೆದು ಕಟ್ಟಿ, ಆಮೇಲೆ ಕತ್ತರಿಸಿ ತೆಗೆದೆವು.

"ಇಷ್ಟು ಸಣ್ಣ ಬೋಲ್ಟ್ ತಡೆಯುತ್ತಾ?" ಅಂತ ಮೇಷ್ಟ್ರು ಕೇಳಿದರು. ಲೆಕ್ಕ ಹಾಕಿ ತೋರಿಸಿದೆವು. ಕೈ 4 ಕಿಲೋ, ತೂಕದ ನಡುಬಿಂದು ಕೀಲಿನಿಂದ 60 ಸೆಂಮೀ ದೂರ. ಅಡ್ಡಕ್ಕೆ ಚಾಚಿದಾಗ ಚೈನ್ ಮೇಲೆ ಬರುವ ಎಳೆತ ಸುಮಾರು 26 ಕಿಲೋ ತೂಗುಹಾಕಿದಷ್ಟು. 8.8 ದರ್ಜೆಯ 4 ಮಿಮೀ ಬೋಲ್ಟ್ 500 ಕಿಲೋವನ್ನೂ ತಡೆಯುತ್ತದೆ. ಡಿಕ್ಕಿಯ ಏಟಿಗೆ ಬೇಕಾದಷ್ಟು ಉಳಿಕೆ ಇದೆ. ಮೇಷ್ಟ್ರು ಒಪ್ಪಿದರು, ಆದರೂ ಕೈಗೆ ಒಬ್ಬರು ಜೋತು ಬಿದ್ದು ನೋಡಿ ಅಂದರು. ಅದನ್ನೂ ಮಾಡಿದೆವು.

ಎಷ್ಟು ಬಿಗಿ ಮಾಡಬೇಕು ಅನ್ನುವುದು ಅನುಭವದಿಂದ ಬರಬೇಕಾದ ವಿಷಯ. ಸ್ಪ್ರಾಕೆಟ್ ಯಾವುದೂ ಪೂರ್ತಿ ಗುಂಡಗೆ ಕೂತಿರುವುದಿಲ್ಲ, ಹಾಗಾಗಿ ಚಕ್ರ ತಿರುಗಿಸುತ್ತಾ ಹೋದಂತೆ ಚೈನ್ ಒಂದು ಕಡೆ ಬಿಗಿಯಾಗುತ್ತದೆ, ಒಂದು ಕಡೆ ಸಡಿಲವಾಗುತ್ತದೆ. ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲಿ ನಿಲ್ಲಿಸಿ ಹೊಂದಿಸಬೇಕು. ಸಡಿಲ ಜಾಗದಲ್ಲಿ ಹೊಂದಿಸಿದರೆ ಅರ್ಧ ಸುತ್ತಿನ ನಂತರ ಚೈನ್ ತಂತಿಯಂತಾಗಿ ಶಾಫ್ಟ್‌ನ ಬೇರಿಂಗ್‌ಗಳನ್ನು ಎಳೆಯುತ್ತದೆ. ಆಮೇಲೆ ರೋಬೋಟನ್ನು ಮರದ ದಿಮ್ಮಿಗಳ ಮೇಲೆ ಎತ್ತಿಟ್ಟು, ಚಕ್ರಗಳು ಗಾಳಿಯಲ್ಲಿ ತಿರುಗುವಂತೆ ಓಡಿಸಿ, ಎರಡೂ ಬದಿಯ ಮೋಟರ್‌ಗಳು ಎಷ್ಟು ಕರೆಂಟ್ ಎಳೆಯುತ್ತಿವೆ ಅಂತ ಹೋಲಿಸಿದೆವು. ಒಂದು ಬದಿ ಸ್ವಲ್ಪ ಜಾಸ್ತಿ ಎಳೆಯುತ್ತಿತ್ತು. ಆ ಬದಿಯ ಸ್ಕ್ರೂ ಕಾಲು ಸುತ್ತು ಸಡಿಲಿಸಿದಾಗ ಎರಡೂ ಸಮವಾದವು. ಈ ಪರೀಕ್ಷೆಗೆ ಬೇರೆ ಸಾಮಾನು ಏನೂ ಬೇಡ, ಯಾರು ಬೇಕಾದರೂ ಮಾಡಬಹುದು.

ಎಣ್ಣೆ ಹಾಕುವಾಗ ಚೈನ್‌ನ ಹೊರಗೆ ಬಳಿಯುವುದರಿಂದ ಪ್ರಯೋಜನ ಕಡಿಮೆ. ಪ್ಲೇಟುಗಳ ಸಂದಿಗೆ ಹನಿ ಹನಿ ಬಿಟ್ಟು, ಕೈಯಲ್ಲಿ ತಿರುಗಿಸಿ, ಹೊರಗಿನದನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಬೇಕು. ಇಲ್ಲದಿದ್ದರೆ ಎಣ್ಣೆ ಅಂಕಣಕ್ಕೆ ಸಿಡಿಯುತ್ತದೆ.

ಸ್ಪರ್ಧೆಯಲ್ಲಿ ಒಂದು ಪಂದ್ಯ ಎರಡೂವರೆ ನಿಮಿಷ, ನಡುವೆ ಸಿಗುವ ಬಿಡುವು ಕೆಲವೊಮ್ಮೆ ಬ್ಯಾಟರಿ ಬದಲಿಸಲಷ್ಟೇ ಸಾಕಾಗುತ್ತದೆ. ಹಾಗಾಗಿ ಪ್ರತಿ ಬೋಲ್ಟ್ ಮತ್ತು ಫ್ರೇಮ್ ಮೇಲೆ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೆವು. ಗೆರೆ ಮುರಿದಿದ್ದರೆ ಬೋಲ್ಟ್ ಸರಿದಿದೆ ಅಂತ ಅರ್ಥ, ಒಂದು ನೋಟಕ್ಕೆ ಗೊತ್ತಾಗುತ್ತದೆ. ಚೈನ್‌ನ ಎರಡು ತುದಿಗಳನ್ನು ಸೇರಿಸುವ, ಕ್ಲಿಪ್ ಹಾಕಿದ ಜೋಡಣೆ ಲಿಂಕ್‌ಗಳನ್ನೂ ನೋಡುತ್ತಿದ್ದೆವು, ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಎರಡೂ ದಿಕ್ಕಿಗೆ ಓಡುವ ರೋಬೋಟ್‌ನಲ್ಲಿ ಹೆಚ್ಚು ವೇಗ ಬರುವ ಮುಂದಿನ ದಿಕ್ಕನ್ನೇ ಹಿಡಿದೆವು. ಜೂನಿಯರ್ ಹುಡುಗನೇ ಈ ತಪಾಸಣೆ ವಹಿಸಿಕೊಂಡ. ಪ್ರತಿ ಸಲ ಬೇರಿಂಗ್ ಮೀಟಿ, ಗೆರೆ ನೋಡಿ, "ಅಣ್ಣ, ಎಲ್ಲ ಸರಿ" ಅನ್ನುತ್ತಿದ್ದ.

ಸ್ಪರ್ಧೆ ಮುಗಿದು ಬಿಚ್ಚಿದಾಗ ಬೇರಿಂಗ್‌ಗಳ ಮೇಲೆ ಪ್ಲೇಟಿನ ಅಂಚು ತಾಗಿದ ಎರಡು ತೆಳು ಗೆರೆ ಬಿದ್ದಿದ್ದವು, ಅಷ್ಟೇ. ಚೈನ್ ಪ್ಲೇಟುಗಳ ಅಂಚು ಮಾತ್ರ ಸ್ವಲ್ಪ ಹೊಳಪಾಗಿ ಸವೆದಿತ್ತು, ಆದ್ದರಿಂದ ಆ ಚೈನ್‌ಗಳನ್ನು ಅಭ್ಯಾಸದ ರೋಬೋಟ್‌ಗೆ ಎತ್ತಿಟ್ಟೆವು. ಮುಂದಿನ ರೋಬೋಟ್‌ನ ನಕ್ಷೆಯಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ಬೇರಿಂಗ್ ಬ್ಲಾಕ್‌ಗಳಿಗೆ ಮೊದಲಿನಿಂದಲೇ ಚಡಿ ಇದೆ, ಪ್ರತಿಯೊಂದರ ಬೆನ್ನಿಗೂ ಒಂದು ಒತ್ತುವ ಸ್ಕ್ರೂ ಇದೆ.